ಗುಲಾಬಿ ಸಾಲು, ಒಂಬತ್ತು

ನಮ್ಮ ಮನೆಯ ಲ್ಯಾಪ್‌ಟಾಪ್ ಆನ್ ಮಾಡಿದರೆ ಸಾಕು, ಮೂಲೆಯಿಂದ ಒಂದು ಕೆಂಪು ಬಾಕ್ಸ್ ಎದ್ದು ಬರುತ್ತಿತ್ತು. 'ನಿಮ್ಮ ಕಂಪ್ಯೂಟರಿನಲ್ಲಿ 1,243 ದೋಷಗಳಿವೆ. ಸರಿಪಡಿಸಲು ಹಣ ಕಟ್ಟಿ.' ನನ್ನ ಹೆಂಡತಿ ಹೈಸ್ಕೂಲಿನ ಕನ್ನಡ ಟೀಚರ್. ಇಪ್ಪತ್ತು ವರ್ಷದಲ್ಲಿ ಅವಳೂ ನನ್ನಲ್ಲಿ ಇಷ್ಟು ದೋಷ ಹುಡುಕಿಲ್ಲ.

ಭಾವಮೈದ ಫೋನಿನಲ್ಲಿ ಹೇಳಿದ, "ಭಾವ, ಸಿಸ್‌ಇಂಟರ್ನಲ್ಸ್ ಹಾಕ್ಕೊಳ್ಳಿ. ಫ್ರೀ." ವಿಂಡೋಸ್‌ನ ಹೊಟ್ಟೆಯೊಳಗೆ ಏನು ನಡೆದಿದೆ ಎಂದು ತೋರಿಸುವ ಸಣ್ಣ ಸಣ್ಣ ಪ್ರೋಗ್ರಾಮುಗಳ ಕಟ್ಟು ಅದು. 1996ರಲ್ಲಿ ಮಾರ್ಕ್ ರುಸಿನೋವಿಚ್, ಬ್ರೈಸ್ ಕಾಗ್ಸ್‌ವೆಲ್ ಎಂಬ ಇಬ್ಬರು ಶುರು ಮಾಡಿದ್ದು. 2006ರಲ್ಲಿ ಮೈಕ್ರೋಸಾಫ್ಟೇ ಕೊಂಡುಕೊಂಡಿತು. ಆದರೂ ಇವತ್ತಿಗೂ ಪುಕ್ಕಟೆ. ಇನ್‌ಸ್ಟಾಲ್ ಕೂಡ ಮಾಡಬೇಕಿಲ್ಲ, ಇಳಿಸಿಕೊಂಡು ಡಬಲ್ ಕ್ಲಿಕ್ ಮಾಡಿದರೆ ಆಯಿತು.

ಅದರಲ್ಲಿ ಪ್ರೋಸೆಸ್ ಎಕ್ಸ್‌ಪ್ಲೋರರ್ ಅಂತ ಒಂದಿದೆ. ಬಂದೂಕಿನ ಗುರಿಯಂಥ ದುಂಡನೆಯ ಚಿಹ್ನೆಯನ್ನು ಮೌಸಿನಲ್ಲಿ ಎಳೆದು ತಂದು ಯಾವ ಕಿಟಕಿಯ ಮೇಲೆ ಬಿಟ್ಟರೂ, ಅದು ಯಾರ ಮಗು ಅಂತ ತಕ್ಷಣ ಹೇಳುತ್ತದೆ. ಕೆಂಪು ಬಾಕ್ಸಿನ ಮೇಲೆ ಬಿಟ್ಟೆ. ಕಳ್ಳ ಸಿಕ್ಕಿದ. ಹೋದ ತಿಂಗಳು 'ಕಂಪ್ಯೂಟರ್ ಫಾಸ್ಟ್ ಆಗುತ್ತೆ' ಅಂತ ನಾನೇ ನೆಕ್ಸ್ಟ್, ನೆಕ್ಸ್ಟ್ ಒತ್ತಿ ಕೂರಿಸಿದ್ದ ಫ್ರೀ ಕ್ಲೀನರ್! ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

ಕಿಲ್ ಮಾಡಿದೆ. ಮರುದಿನ ಆನ್ ಮಾಡಿದರೆ ಮತ್ತೆ ಹಾಜರ್. ಆ ಕ್ಲೀನರನ್ನೇ ತೆಗೆದುಹಾಕಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ನನಗೆ ಅಷ್ಟು ಸುಲಭದ ದಾರಿ ಯಾವತ್ತೂ ಹೊಳೆಯುವುದಿಲ್ಲ. ಅದೇ ಕಟ್ಟಿನ ಆಟೋರನ್ಸ್ ತೆಗೆದೆ. ಕಂಪ್ಯೂಟರ್ ಜೊತೆ ತಾವೂ ಏಳುವವರೆಲ್ಲರ ಹಾಜರಿ ಪುಸ್ತಕ ಅದು. ಫೈಲೇ ಕಾಣೆಯಾದ ಸಾಲು ಹಳದಿ, ಮಾಡಿದವರು ಯಾರೆಂದು ಗುರುತು ಸಿಗದ ಸಾಲು ಗುಲಾಬಿ. ಗುಲಾಬಿ ಒಂಬತ್ತಿದ್ದವು. ಊರು ಪೇರು ಇಲ್ಲದವರಿಗೆ ನಮ್ಮ ಮನೆಯಲ್ಲೇನು ಕೆಲಸ? ಕಳೆ ಕಿತ್ತ ಹಾಗೆ ಒಂಬತ್ತಕ್ಕೂ ಟಿಕ್ ತೆಗೆದೆ. ರೀಸ್ಟಾರ್ಟ್. ಕೆಂಪು ಬಾಕ್ಸ್ ಇಲ್ಲ! ಒಂದು ಲೋಟ ಕಾಫಿ ಜಾಸ್ತಿ ಕುಡಿದೆ.

ರಾತ್ರಿ ಹತ್ತು ಗಂಟೆಗೆ ಕೂಗು ಬಂತು. "ರೀ, ಏನ್ ಮಾಡಿದ್ರಿ ಇದಕ್ಕೆ?"

ಬೆಳಗ್ಗೆ ಕೊಡಬೇಕಾದ ಹತ್ತನೇ ಕ್ಲಾಸಿನ ಪ್ರಶ್ನೆಪತ್ರಿಕೆ. 'ಸಂಧಿ ಬಿಡಿಸಿ ಹೆಸರಿಸಿ' ಎಂದು ಅವಳು ಎಷ್ಟು ಕುಟ್ಟಿದರೂ ಬರುತ್ತಿದ್ದದ್ದು ಬರೀ ಇಂಗ್ಲಿಷ್ ಅಕ್ಷರ. ಕನ್ನಡ ಟೈಪ್ ಮಾಡುವ ಹಳೆಯ ಪ್ರೋಗ್ರಾಮೂ ಆ ಒಂಬತ್ತು ಗುಲಾಬಿಗಳಲ್ಲಿ ಒಂದಾಗಿತ್ತು.

"ಏನಿಲ್ಲ, ಸುಮ್ನೆ ಕ್ಲೀನ್ ಮಾಡಿದೆ" ಅಂದೆ.

ಪುಣ್ಯಕ್ಕೆ ಆಟೋರನ್ಸ್‌ನಲ್ಲಿ ಟಿಕ್ ತೆಗೆದದ್ದನ್ನು ಮತ್ತೆ ಹಾಕಬಹುದು. ಡಿಲೀಟ್ ಒತ್ತಿದ್ದರೆ ನಾನು ಆ ರಾತ್ರಿ ಜಗಲಿಯಲ್ಲಿ ಮಲಗಬೇಕಿತ್ತು. ಆದರೆ ಒಂಬತ್ತರಲ್ಲಿ ಕನ್ನಡದ್ದು ಯಾವುದು? ಹೆಸರುಗಳೆಲ್ಲ ಬಸ್ ನಂಬರಿನ ಥರ ಇದ್ದವು. ಹಿಂದೆ ನಿಂತವಳ ಉಸಿರು ಬಿಸಿಯಾಗುತ್ತಿತ್ತು. ಯೋಚಿಸಲು ಹೋಗದೆ ಒಂಬತ್ತಕ್ಕೂ ಟಿಕ್ ಹಾಕಿ ರೀಸ್ಟಾರ್ಟ್ ಕೊಟ್ಟೆ.

ಕನ್ನಡ ಬಂತು. ಅದರ ಹಿಂದೆಯೇ ಕೆಂಪು ಬಾಕ್ಸ್ ಕೂಡ.

ಅವಳು ಕನ್ನಡಕ ಸರಿಮಾಡಿಕೊಂಡು ಓದಿದಳು. "1,252. ನಿನ್ನೆಗಿಂತ ಒಂಬತ್ತು ಜಾಸ್ತಿ ಆಗಿದೆ, ಅಲ್ವಾ?"