ಅಂಗೈಗೆ ಬಾರದ ನೆಲ್ಲಿ

ಗಿಡ ಬೆಳೆಸಿದವರಿಗೆ ತಾಳ್ಮೆ ತಾನಾಗಿ ಬರುತ್ತದೆ ಎಂದು ಇಂದು ಬೆಳಿಗ್ಗೆ ಗೇಟಿನಾಚೆ ನಿಂತು ಅಪ್ಪಣೆ ಕೊಡಿಸಿದ ಹಿರಿಯರ ಕೈಯಲ್ಲಿ ಪೊರಕೆ ಇರಲಿಲ್ಲ. ಅದು ನನ್ನ ಕೈಯಲ್ಲಿತ್ತು. ನೆಲ್ಲಿಮರ ಬಿಡಿ ಎಲೆಗಳನ್ನು ಉದುರಿಸಿ ಸುಮ್ಮನಾಗುವುದಿಲ್ಲ, ಎಲೆ ಹೊತ್ತ ಕಿರುಕಡ್ಡಿಗಳನ್ನೇ ಕಳಚಿ ಚೆಲ್ಲುತ್ತದೆ. ಆ ಎಲೆಗಳೋ ಪೊರಕೆಯ ಸಂದಿನಲ್ಲಿ ನುಸುಳಿ, ಗುಡಿಸಿದ ಜಾಗಕ್ಕೇ ಮರಳುತ್ತವೆ. ತಾಳ್ಮೆಯ ಬಗ್ಗೆ ನಾನೂ ಒಂದು ಮಾತು ಹೇಳುವವನಿದ್ದೇನೆ. ಮೊದಲು ಈ ಹಿರಿಯರ ವಿಷಯ ಮುಗಿಸಿಬಿಡುತ್ತೇನೆ.

8 ವರ್ಷಗಳ ಹಿಂದೆ ‘ಕೃಷ್ಣ’ ತಳಿಯ ಕಸಿ ಗಿಡ ನೆಟ್ಟಾಗ, ನೀರು ಸಾಲದು ಎಂದರು. ಮರುವರ್ಷ ನೀರು ಹೆಚ್ಚಾಯಿತು ಎಂದರು. 4ನೆಯ ವರ್ಷ ಕಡ್ಡಿಗಳ ತುಂಬ ಹೂವಾಗಿ ಒಂದೂ ಕಾಯಿ ಕಚ್ಚದಿದ್ದಾಗ, ಬೊಡ್ಡೆಗೆ ಕಬ್ಬಿಣದ ಮೊಳೆ ಹೊಡೆಯಿರಿ, ಹೆದರಿ ಬಿಡುತ್ತದೆ ಎಂದರು. ನೆಲ್ಲಿಗೆ ಬೇಕಾಗಿದ್ದದ್ದು ಹೆದರಿಕೆಯಲ್ಲ, ಜೊತೆ. ಸ್ವಂತ ಪರಾಗದಿಂದ ಅದು ಸರಿಯಾಗಿ ಕಾಯಿ ಕಚ್ಚುವುದಿಲ್ಲ, ಹತ್ತಿರದಲ್ಲಿ ಬೇರೆ ತಳಿಯೊಂದು ಹೂ ಬಿಡಬೇಕು. ಪಕ್ಕದಲ್ಲಿ ‘ಎನ್‌ಎ-7’ ನೆಟ್ಟೆ. ಅದು ಹೂ ಬಿಡುವವರೆಗೆ ದಿನಕ್ಕೊಮ್ಮೆ, “ಮೊಳೆ ಹೊಡೆದಿರಾ?” ಎಂಬ ವಿಚಾರಣೆ.

ಕಡೆಗೂ ಎರಡೂ ಹೂ ಬಿಟ್ಟವು. ಬೇಸಿಗೆ ಕಳೆಯಿತು, ಕಾಯಿಯ ಸುಳಿವಿಲ್ಲ. ಹಿರಿಯರು ಎರಡನ್ನೂ ಗೊಡ್ಡೆಂದು ತೀರ್ಮಾನಿಸಿ, ಕಡಿಯುವವನನ್ನು ತಾವೇ ಕಳಿಸುವುದಾಗಿ ಹೇಳಿದರು. ಕಟ್ಟಿದ ನೆಲ್ಲಿಕಾಯಿ ಬೇಸಿಗೆಯುದ್ದಕ್ಕೂ ಬೆಳೆಯದೆ, ಕಣ್ಣಿಗೂ ಬೀಳದಷ್ಟು ಸಣ್ಣದಾಗಿ ಮಲಗಿದ್ದು ಮಳೆ ಹಿಡಿದ ಮೇಲೆ ಏಳುತ್ತದೆ ಎಂಬುದನ್ನು ನಾನು ಓದಿ ಹೇಳಿದರೆ, ಅವರು ನನ್ನನ್ನು ನೋಡಿದ ರೀತಿಯಲ್ಲಿ ಮರದ ಮೇಲಿನ ಕರುಣೆ ನನ್ನ ಮೇಲೂ ಸ್ವಲ್ಪ ಹರಿದಿತ್ತು. ಮಳೆ ಬಂತು, ಕಡ್ಡಿಗಳಿಗೆ ಅಂಟಿದಂತೆ ಹಸಿರು ಗುಂಡುಗಳು ಕಾಣಿಸಿದವು. “ಅಂತೂ ಮೊಳೆ ಹೊಡೆದಿರಿ” ಎಂದು ಅವರು ಮೆಚ್ಚಿದರು.

ಉಳಿದು ಬಲಿತದ್ದು 11 ಕಾಯಿ. ನೋಡಿದರೆ ಮೈಮೇಲೆ ಆರು ತೆಳುಗೆರೆ, ಒಳಗೆ ಬೆಳಕು ಕಟ್ಟಿಟ್ಟಂತೆ. ಅಂಗೈಯ ನೆಲ್ಲಿಕಾಯಿಯಷ್ಟು ಸ್ಪಷ್ಟ ಎಂಬ ಮಾತು ಕಟ್ಟಿದವನು ಹಿತ್ತಿಲಲ್ಲಿ ನೆಲ್ಲಿ ಬೆಳೆಸಿರಲಾರ.

ಇಂದು ಉಪದೇಶ ಮುಗಿಸಿದ ಹಿರಿಯರಿಗೆ, ಮನಸ್ಸಿಲ್ಲದಿದ್ದರೂ, ಒಂದು ಕಾಯಿ ಕೊಟ್ಟೆ. ಕಚ್ಚಿದರು, ಮುಖ ಕಿವುಚಿದರು, ನೀರು ಕೇಳಿದರು. ಚೊಂಬು ಬರಿದು ಮಾಡಿ, “ಕಾಯಿ ಅಷ್ಟಕ್ಕಷ್ಟೇ, ಆದರೆ ನಿಮ್ಮ ಮನೆಯ ನೀರು ಮಾತ್ರ ಬಹಳ ಸಿಹಿ” ಎಂದರು.

ತಾಳ್ಮೆಯ ಬಗ್ಗೆ ಹೇಳಬೇಕೆಂದಿದ್ದ ಮಾತು ಆಗಲೇ ಮರೆತುಹೋಯಿತು. ಅರ್ಧ ಅಂಗಳ ಗುಡಿಸುವುದು ಬಾಕಿಯಿತ್ತು.