ಒಂದು ಸಾಲು ಬರೆದರೆ ಇವರ ಗಂಟೇನು ಹೋಗುತ್ತಿತ್ತು?

ರಾಯಚೂರಿನ ಖಾಸಗಿ ಆಸ್ಪತ್ರೆಯೊಂದು ನನ್ನ ತಮ್ಮನಿಗೆ ಕೊಟ್ಟ ಡಿಸ್ಚಾರ್ಜ್ ಕಾರ್ಡ್ ನನ್ನ ಮುಂದಿದೆ. ಅಪೆಂಡಿಕ್ಸ್ ತೆಗೆಯಲಾಯಿತು, ರೋಗಿ ಚೆನ್ನಾಗಿದ್ದಾರೆ, ಹೊಲಿಗೆ ಬಿಚ್ಚಿಸಲು ಬರಬೇಕು. ಇಷ್ಟೇ! ಆಪರೇಷನ್ ಮುಗಿದ ಮೇಲೆ ಉಸಿರೇ ಬರದೆ ಅವನು ರಾತ್ರಿಯಿಡೀ ವೆಂಟಿಲೇಟರ್‌ನಲ್ಲಿದ್ದ ಸುದ್ದಿಯೇ ಇಲ್ಲ. ಬಿಲ್ಲಿನಲ್ಲಿ ಮಾತ್ರ ವೆಂಟಿಲೇಟರ್ ಶುಲ್ಕ ಪೈಸೆ ಬಿಡದೆ ಸೇರಿದೆ.

ಕಾರಣವನ್ನು ಮಾರನೆಯ ದಿನ ಅರಿವಳಿಕೆ ಡಾಕ್ಟರೇ ಬಾಯಿಮಾತಿನಲ್ಲಿ ಹೇಳಿದರು. ಗಂಟಲಿಗೆ ನಳಿಕೆ ಇಳಿಸುವ ಮೊದಲು ಸ್ನಾಯು ಸಡಿಲಿಸಲು ಕೊಡುವ ಸ್ಕೋಲಿನ್ ಎಂಬ ಚುಚ್ಚುಮದ್ದನ್ನು ರಕ್ತದಲ್ಲಿರುವ ಕಿಣ್ವವೊಂದು ಐದು–ಹತ್ತು ನಿಮಿಷದಲ್ಲಿ ಕರಗಿಸಿಬಿಡುತ್ತದೆ. ಆ ಕಿಣ್ವದ ಕೊರತೆಯಿದ್ದವರಲ್ಲಿ ಅದರ ಪ್ರಭಾವ ಗಂಟೆಗಟ್ಟಲೆ ಉಳಿಯುತ್ತದೆ. ತಮ್ಮನಿಗೆ ಅರಿವಳಿಕೆಯ ಮತ್ತು ಇಳಿದು ಎಚ್ಚರವಾಗಿತ್ತು, ಆದರೆ ರೆಪ್ಪೆ ಕೂಡ ಅಲುಗುತ್ತಿರಲಿಲ್ಲ. 'ಇವನೇಕೆ ಏಳುತ್ತಿಲ್ಲ' ಎಂದು ಸುತ್ತಲಿದ್ದವರು ಗಾಬರಿಯಾಗಿದ್ದು ಅವನಿಗೆ ಕೇಳಿಸಿದೆ. ಕೂಗಲು ನಾಲಿಗೆ ಏಳಬೇಕಲ್ಲ!

ಯಂತ್ರದಿಂದ ಉಸಿರು ಕೊಟ್ಟು ಉಳಿಸಿದ್ದಕ್ಕೆ ಕೈ ಮುಗಿಯುತ್ತೇನೆ. ಆದರೆ 'ಇದು ಮೊದಲೇ ಯಾರಿಗೆ ಗೊತ್ತಾಗುತ್ತದೆ' ಎಂಬ ಮಾತು ಬೇಡ. ಆರ್ಯವೈಶ್ಯರಲ್ಲಿ ಈ ಕೊರತೆ ಹೆಚ್ಚು ಎಂಬುದು ಅರಿವಳಿಕೆ ಓದಿದವರಿಗೆ ಹೊಸದಲ್ಲ. ನಾವು ತೀನ್ ಕಂದೀಲ್ ಕಡೆ ಕಿರಾಣಿ ಅಂಗಡಿ ಇಟ್ಟಿರುವ ಶೆಟ್ಟರು, ಅದೇ ಆರ್ಯವೈಶ್ಯರು. ಅಪ್ಪ ಅಮ್ಮನದು ಸೋದರ ಸಂಬಂಧದ ಮದುವೆ. ಕೇಳಿದ್ದರೆ ಹೇಳುತ್ತಿದ್ದೆವು. ಅವರು ಕೇಳಿದ್ದು ವಿಮೆ ಇದೆಯೇ, ಮುಂಗಡ ಎಷ್ಟು ಕಟ್ಟುತ್ತೀರಿ ಎಂದು. ಹಾಳೆ ಹಾಳೆಗೂ ಸಹಿ ಬೇರೆ.

ಹೋಗಲಿ, ಈಗಲಾದರೂ ಬರೆದುಕೊಡಬಾರದೇ? ಇದು ವಂಶಪಾರಂಪರ್ಯ, ಒಡಹುಟ್ಟಿದವರಲ್ಲಿ ಪ್ರತಿಯೊಬ್ಬರಿಗೂ ನಾಲ್ಕರಲ್ಲಿ ಒಂದು ಪಾಲು ಇರುವ ಸಾಧ್ಯತೆ. ಬಳ್ಳಾರಿಯಲ್ಲಿರುವ ನನ್ನ ತಂಗಿ ತುಂಬು ಗರ್ಭಿಣಿ, ಸಿಸೇರಿಯನ್ ಆಗಬಹುದು. ಆ ಕಿಣ್ವವನ್ನು ಅಳೆಯುವ ಕೋಲಿನೆಸ್ಟರೇಸ್ ರಕ್ತಪರೀಕ್ಷೆ ಮಾಡಿಸೋಣವೆಂದರೆ, ಬಸಿರಿನಲ್ಲಿ ಅದರ ಮಟ್ಟ ಹೇಗೂ ತುಸು ಇಳಿದಿರುತ್ತದಂತೆ, ಪರೀಕ್ಷೆಯೊಂದನ್ನೇ ನಂಬುವಂತಿಲ್ಲ. ಅದಕ್ಕೇ ಅಲ್ಲಿನ ಡಾಕ್ಟರಮ್ಮ, 'ತಮ್ಮನಿಗೆ ಏನು ಕೊಟ್ಟರು, ಎಷ್ಟು ಹೊತ್ತು ಉಸಿರಿರಲಿಲ್ಲ, ಬರೆಸಿಕೊಂಡು ಬನ್ನಿ' ಎನ್ನುತ್ತಿದ್ದಾರೆ. ಇಲ್ಲಿ ಕೌಂಟರಿನವನು, 'ನಿಮ್ಮ ಹುಡುಗ ಆರಾಮಾಗಿದ್ದಾನಲ್ಲ, ಮತ್ತೇನು' ಎನ್ನುತ್ತಾನೆ. ಒಳಗೆ ಹೋದರೆ ಸಾಹೇಬರು ಓಟಿಯಲ್ಲಿದ್ದಾರೆ, ನಾಳೆ ಬನ್ನಿ.

ಕೇಸು ಹಾಕುತ್ತೇವೆಂಬ ಭಯವಂತೆ. ಸ್ವಾಮಿ, ನಮಗೆ ನಿಮ್ಮ ಪರಿಹಾರದ ಹಣ ಬೇಡ. 'ಈ ಕುಟುಂಬದವರಿಗೆ ಪರೀಕ್ಷಿಸದೆ ಸ್ಕೋಲಿನ್ ಕೊಡಬಾರದು' ಎಂದು ಬರೆದು, ಸಹಿ ಮಾಡಿ, ಮೊಹರು ಒತ್ತಿ ಕೊಡಿ. ನಾಳೆ ಅಂಗಡಿಗೆ ಬೀಗ ಹಾಕಿಕೊಂಡೇ ಬರುತ್ತೇನೆ. ಕೊಡುವ ತನಕ ನಿಮ್ಮ ಬಾಗಿಲು ಬಿಟ್ಟು ಕದಲುವುದಿಲ್ಲ.