ಹಳದಿ ಹೂವಿನ ಬದನೆ ಬಂಧುಗಳು

ಮುಂಗಾರು ಮುಗಿದು ಹಿಂಗಾರು ಹಿಡಿಯುವ ಹೊತ್ತಿಗೆ ಬಯಲುಸೀಮೆಯ ಬದುಗಳಲ್ಲಿ ಹಳದಿ ಹೂವಿಗೆ ಬರವಿರುವುದಿಲ್ಲ. ಆವರಿಕೆ, ತಗಚೆ, ನೆಗ್ಗಿಲು, ಶ್ರೀಮುದ್ರೆ, ಹೊಲ ತುಂಬಿದ ಹುಚ್ಚೆಳ್ಳು ಎಲ್ಲವೂ ತಮ್ಮನ್ನೇ ನೋಡಿರೆಂದು ಪೈಪೋಟಿಗೆ ಇಳಿದಿರುತ್ತವೆ. ಈ ಜಾತ್ರೆಯಲ್ಲಿ ಬದನೆ ಕುಟುಂಬಕ್ಕೆ ಸೇರಿದವರು ಯಾರಿದ್ದಾರೆಂದು ಹುಡುಕಲು ಹೊರಟವರಿಗೆ ಮಾತ್ರ ಮೊದಲು ಸಿಗುವುದು ನಿರಾಶೆಯೇ. ಬದನೆ, ಗುಳ್ಳ, ನೆಲಗುಳ್ಳಗಳ ಹೂವು ನೇರಳೆ. ಗಣಿಕೆ ಸೊಪ್ಪಿನದೂ ಸುಂಡೆಯದೂ ಬಿಳಿ. ನೆಲಗುಳ್ಳವಂತೂ ಹಳದಿಯನ್ನೆಲ್ಲ ಹಣ್ಣಿಗಾಗಿ ಎತ್ತಿಟ್ಟಿರುತ್ತದೆ. ಇವುಗಳ ಹೂವಿನಲ್ಲಿ ಹಳದಿ ಬಣ್ಣವಿರುವುದು ನಡುವೆ ಒತ್ತಾಗಿ ನಿಂತ ಪರಾಗಕೋಶಗಳಲ್ಲಿ ಮಾತ್ರ.

ಎಸಳನ್ನೂ ಹಳದಿ ಮಾಡಿಕೊಂಡ ಬಂಧುವೆಂದರೆ ಟೊಮೆಟೊ. ತಿಪ್ಪೆಯ ಮೇಲೆ, ಬಚ್ಚಲ ನೀರು ಹರಿಯುವ ಕಡೆ ತಾನಾಗಿ ಹುಟ್ಟಿದ ಟೊಮೆಟೊ ಗಿಡವನ್ನು ಅರೆಕಾಡು ಗಿಡವೆಂದು ಲೆಕ್ಕಕ್ಕೆ ತೆಗೆದುಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ. ಅದರ ಜಾತಿಯ ಬಗ್ಗೆ ಪಂಡಿತರಲ್ಲಿಯೇ ಒಮ್ಮತವಿರಲಿಲ್ಲ. 1753ರಲ್ಲಿ ಸಸ್ಯವಿಜ್ಞಾನಿ ಲಿನೇಯಸ್ ಅದನ್ನು ಬದನೆ, ಆಲೂಗಡ್ಡೆಗಳ ಜೊತೆಗೆ ಸೊಲಾನಮ್ ಕುಲದಲ್ಲಿಯೇ ಕೂರಿಸಿದನು. ಮರುವರ್ಷವೇ ಇಂಗ್ಲೆಂಡಿನ ಸಸ್ಯತಜ್ಞ ಫಿಲಿಪ್ ಮಿಲ್ಲರ್ ಅದಕ್ಕೆ ಬೇರೆ ಕುಲದ ಮನೆ ಹೂಡಿಕೊಟ್ಟನು. ಅದನ್ನು ಹಳೆಯ ಮನೆಗೆ ಮರಳಿ ಸೇರಿಸಬೇಕೆಂದು ಡಿಎನ್‌ಎ ಸಾಕ್ಷ್ಯದ ಬಲದಿಂದ ವಿಜ್ಞಾನಿಗಳು ವಾದಿಸಿದ್ದು 1993ರಲ್ಲಿ. ಇಷ್ಟೆಲ್ಲ ಓಡಾಟದಲ್ಲಿ ಟೊಮೆಟೊ ಹೂವಿನ ಬಣ್ಣ ಎಳ್ಳಷ್ಟೂ ಬದಲಾಗಲಿಲ್ಲವಾದ್ದರಿಂದ, ಗಿಡದ ಕುಲವನ್ನು ವಿಚಾರಿಸುವಾಗ ಬಣ್ಣದ ಸಾಕ್ಷಿಯನ್ನು ಕೊನೆಗೆ ಕರೆಯುವುದೇ ಲೇಸು.

ಬಣ್ಣವನ್ನೂ ಮುಳ್ಳನ್ನೂ ನಂಬಿ ಮೋಸಹೋಗುವುದಕ್ಕೆ ದತ್ತೂರಿಗಿಂತ ಒಳ್ಳೆಯ ನಿದರ್ಶನ ಬೇಕಿಲ್ಲ. ಪಾಳು ಜಮೀನಿನಲ್ಲಿ ಬೂದುಹಸಿರು ಮುಳ್ಳೆಲೆಗಳನ್ನು ಹರಡಿಕೊಂಡು ಅಚ್ಚ ಹಳದಿ ಹೂ ಬಿಡುವ ಈ ಗಿಡ, ಕಾಯಿಯ ಮೇಲಿನ ಮುಳ್ಳುಗಳಿಂದಾಗಿ ಬದನೆ ಕುಟುಂಬದ ಉಮ್ಮತ್ತಿಯ ತಂಗಿಯೆಂಬಂತೆ ತೋರುತ್ತದೆ. ಆದರೆ ಅದು ಗಸಗಸೆಯ ಕುಟುಂಬದ್ದು. ದೇಟು ಮುರಿದರೆ ಹಳದಿ ಹಾಲು ಒಸರುತ್ತದೆ. ಎಸಳುಗಳು ಸಾಮಾನ್ಯವಾಗಿ ಆರು, ಒಂದಕ್ಕೊಂದು ಅಂಟಿಲ್ಲ. ಕೇಸರಗಳು ಎಣಿಸಲು ಬೇಸರವಾಗುವಷ್ಟು. ಇದರ ಬೀಜ ಸಾಸಿವೆಯನ್ನು ಹೋಲುವುದರಿಂದ ಎಣ್ಣೆಯ ಕಲಬೆರಕೆಗೆ ಒದಗಿ, 1998ರಲ್ಲಿ ದೆಹಲಿಯಲ್ಲಿ ಜಲೋದರದಂತಹ ಬಾವಿನ ಕಾಯಿಲೆ ಹಬ್ಬಿ ಹಲವರು ಸತ್ತರು. ಹೋಲಿಕೆಯಿಂದ ಗಿಡ ಗುರುತಿಸುವವರು ಇದನ್ನು ನೆನಪಿನಲ್ಲಿಟ್ಟುಕೊಳ್ಳಬೇಕು.

ಹಾಗಾದರೆ ನೋಡಬೇಕಾದದ್ದು ಏನನ್ನು? ಹೂವಿನ ಎಸಳನ್ನು ಎರಡು ಬೆರಳಿನಲ್ಲಿ ಹಿಡಿದು ಮೆಲ್ಲಗೆ ಎಳೆಯಬೇಕು. ನೆಗ್ಗಿಲಿನದಾದರೆ ಒಂದೊಂದೇ ಎಸಳು ಉದುರುತ್ತದೆ. ಬದನೆ ಕುಟುಂಬದ್ದಾದರೆ ಐದು ಮೂಲೆಯ ಇಡೀ ಹೂದಳ ಒಂದೇ ತುಂಡಾಗಿ, ಒಳಗೆ ಅಂಟಿದ ಐದು ಕೇಸರಗಳ ಸಮೇತ ಕಳಚಿ ಬರುತ್ತದೆ. ತೊಟ್ಟಿನಲ್ಲಿ ಉಳಿಯುವುದು ಹಸಿರು ಪುಷ್ಪಪಾತ್ರೆ ಮತ್ತು ಅದರೊಳಗಿನ ಎಳೆಯ ಕಾಯಿ. ಬೇರೆ ಕುಟುಂಬಗಳಲ್ಲಿಯೂ ಇಂತಹ ಕೂಡುದಳದ ಹೂಗಳಿರುವುದರಿಂದ ಇದೊಂದೇ ಪರೀಕ್ಷೆ ಸಾಲದು. ಆದರೆ ಗಿಡದ ಮುಂದಿನ ಕಥೆಯೆಲ್ಲ ಈ ಪುಷ್ಪಪಾತ್ರೆಯಲ್ಲಿ ನಡೆಯುತ್ತದೆ. ಬದನೆಕಾಯಿಯ ತೊಟ್ಟಿನ ಟೋಪಿಯೂ ಇದೇ ಅಲ್ಲವೇ!

ಒಣನಾಡಿನ ರಸ್ತೆಬದಿಯ ಕಲ್ಲುಮಣ್ಣಿನಲ್ಲಿ, ಆಳೆತ್ತರವನ್ನೂ ಮೀರಿ ಬೆಳೆದು, ನೀಲಿ ಛಾಯೆಯ ನುಣುಪು ಎಲೆಗಳ ನಡುವೆ ಕೊಳವೆಯಾಕಾರದ ಹಳದಿ ಹೂಗಳನ್ನು ಜೋತುಬಿಟ್ಟ ಗಿಡವೊಂದುಂಟು. ದಕ್ಷಿಣ ಅಮೆರಿಕದಿಂದ ಬಂದ ಈ ನಿಕೋಟಿಯಾನಾ ಗ್ಲಾಕಾ ಹೊಗೆಸೊಪ್ಪಿನ ದಾಯಾದಿ. ಹೊಗೆಸೊಪ್ಪಿನ ಅಂಟಾಗಲಿ ರೋಮವಾಗಲಿ ಇದಕ್ಕಿಲ್ಲ. ಇದರ ವಿಷವೂ ನಿಕೋಟಿನ್‌ಗಿಂತ ಹೆಚ್ಚಾಗಿ ಅನಬಸೀನ್. ತವರಿನಲ್ಲಿ ಝೇಂಕಾರದ ಹಕ್ಕಿಗಳು ಬಂದು ಮಕರಂದ ಹೀರುವ ಈ ಹೂವಿಗೆ, ಇಸ್ರೇಲ್ ಮತ್ತು ದಕ್ಷಿಣ ಆಫ್ರಿಕಗಳಲ್ಲಿ ಸೂರಕ್ಕಿಗಳು ಗಿರಾಕಿಗಳಾಗಿವೆ. ಗುರುತು ಹಿಡಿಯುವುದು ಸುಲಭವಾದ್ದರಿಂದ ಇದರ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ.

ಕಣ್ಣಿಗೆ ನಿಜವಾದ ಕೆಲಸ ಕೊಡುವವು ಅಶ್ವಗಂಧ ಮತ್ತು ಗುಪ್ಪಟೆ. ಎರಡರ ಹಣ್ಣೂ ತೆಳುವಾದ ಹೊದಿಕೆಯೊಳಗೆ ಅಡಗಿರುವುದರಿಂದ ಕೆಲವರು ಒಂದನ್ನು ಇನ್ನೊಂದೆಂದು ಕರೆಯುತ್ತಾರೆ. ನಮ್ಮಲ್ಲಿ ಹಿರೇಮದ್ದು ಎಂದೂ ಹೆಸರುಳ್ಳ ಅಶ್ವಗಂಧದ ಮೈತುಂಬ ಬೂದುಬಣ್ಣದ ನವಿರು ರೋಮ. ಮಸೂರದಲ್ಲಿ ನೋಡಿದರೆ ಆ ರೋಮಗಳು ಕವಲೊಡೆದಿರುವುದು ಕಾಣುತ್ತದೆ. ಹಸಿರಿಗೆ ಹೆಚ್ಚು ಒಲಿದ ಹಳದಿಯ ಪುಟ್ಟ ಹೂಗಳು ಎಲೆಯ ಕಂಕುಳಲ್ಲಿ ನಾಲ್ಕಾರು ಒಟ್ಟಾಗಿ, ತೊಟ್ಟೇ ಇಲ್ಲವೇನೋ ಎಂಬಂತೆ ಕುಳಿತಿರುತ್ತವೆ. ಹೊದಿಕೆಯೊಳಗಿನ ಹಣ್ಣು ಕೆಂಪು; ನೋಡಲು ಚೆಂದವೆಂದು ಬಾಯಿಗೆ ಹಾಕಿಕೊಳ್ಳುವಂತಹದಲ್ಲ.

ಗುಪ್ಪಟೆಯ ಹೂವು ಒಂಟಿ. ಎಲೆಯ ಕಂಕುಳಿನಿಂದ ಸಣ್ಣ ತೊಟ್ಟಿನಲ್ಲಿ ಇಳಿಬಿದ್ದು ನೆಲವನ್ನೇ ನೋಡುವುದರಿಂದ, ನಿಂತು ನೋಡುವವರಿಗೆ ಅದರ ಮುಖ ಕಾಣುವುದಿಲ್ಲ. ಮಂಡಿಯೂರಿ ಎತ್ತಿ ನೋಡಿದರೆ ತಿಳಿಹಳದಿಯ ಪುಟ್ಟ ಬಟ್ಟಲು, ಕೆಲವು ಜಾತಿಗಳಲ್ಲಿ ಗಂಟಲ ಬಳಿ ಕಂದು ಮಚ್ಚೆ. ಬದನೆಯ ಪರಾಗಕೋಶ ತುದಿಯ ರಂಧ್ರದಿಂದ ಧೂಳು ಬಿಡುತ್ತದೆ. ಗುಪ್ಪಟೆಯದು ಉದ್ದಕ್ಕೆ ಸೀಳುತ್ತದೆ. ಬೆಟ್ಟದ ಮೇಲೆ, ನೀಲಗಿರಿಯಂತಹ ಕಡೆಗಳಲ್ಲಿ ಕಾಡುಪಾಲಾಗಿರುವ ಅದರ ದೊಡ್ಡ ನೆಂಟ, ಅಂಗಡಿಯಲ್ಲಿ ಗೋಲ್ಡನ್ ಬೆರ್ರಿ ಎಂದು ದುಬಾರಿಗೆ ಮಾರಾಟವಾಗುವ ಜಾತಿ, ಮಖಮಲ್ಲಿನಂತಹ ಎಲೆಯಿಂದಲೂ ಹೂವಿನೊಳಗಿನ ದಟ್ಟ ಕಪ್ಪುಗೆಂಪು ಮಚ್ಚೆಗಳಿಂದಲೂ ಬೇರೆಯೆಂದು ತಿಳಿಯುತ್ತದೆ.

ಹೂವರಳಿದಾಗ ಕೆಲವೇ ಮಿಲಿಮೀಟರ್ ಇದ್ದ ಗುಪ್ಪಟೆಯ ಪುಷ್ಪಪಾತ್ರೆ, ಹೂದಳ ಉದುರಿದ ಮೇಲೆ ಉಬ್ಬತೊಡಗಿ, 2-3 ಸೆಂಟಿಮೀಟರಿನ ಏಣುಳ್ಳ ಬುಡ್ಡೆಯಾಗಿ ಕಾಯಿಯನ್ನು ಪೂರ್ತಿ ಮುಚ್ಚಿಕೊಳ್ಳುತ್ತದೆ. ಮಕ್ಕಳು ಅದನ್ನು ಹಣೆಗೆ ಹೊಡೆದು ಟಪ್ಪೆನಿಸುವ ಸುಖ ಹೊಲದ ಬದು ಕಂಡವರಿಗೆಲ್ಲ ಗೊತ್ತು. ಇಂತಹ ಬುಡ್ಡೆ ಬಿಡುವ ಗಿಡಗಳ ವಂಶದ ವಯಸ್ಸು ಸುಮಾರು ಒಂದು ಕೋಟಿ ವರ್ಷವಿರಬಹುದೆಂಬ ಲೆಕ್ಕಾಚಾರವಿತ್ತು. ಅರ್ಜೆಂಟೀನಾದ ಪೆಟಗೋನಿಯಾದ ಕಲ್ಲಿನಲ್ಲಿ ಸಿಕ್ಕಿದ, 5.2 ಕೋಟಿ ವರ್ಷ ಹಳೆಯ ಬುಡ್ಡೆಗಳ ಪಳೆಯುಳಿಕೆಯನ್ನು 2017ರಲ್ಲಿ ಸೈನ್ಸ್ ಪತ್ರಿಕೆ ಪ್ರಕಟಿಸಿದಾಗ ಆ ಲೆಕ್ಕವನ್ನು ಮತ್ತೆ ಹಾಕಬೇಕಾಯಿತು. ಅಷ್ಟು ತೆಳುವಾದ ಹೊದಿಕೆ ನರನರವೂ ಕಾಣುವಂತೆ ಕಲ್ಲಿನಲ್ಲಿ ಅಚ್ಚಾಗಿ ಉಳಿದದ್ದು ನನಗಂತೂ ಡೈನೋಸಾರಿನ ಮೂಳೆಗಿಂತ ಹೆಚ್ಚಿನ ಸೋಜಿಗ.

ಹಣ್ಣಿನ ಆಸೆಯಿದ್ದವರು ಬುಡ್ಡೆ ಹಸಿರಾಗಿರುವಾಗ ಕೈಹಾಕಬಾರದು. ಬಲಿಯದ ಕಾಯಿಯಲ್ಲಿ ಈ ಕುಟುಂಬದ ಕಹಿ ವಿಷ ಇದ್ದೇ ಇರುತ್ತದೆ. ಹೊದಿಕೆ ಒಣಗಿ ಹುಲ್ಲಿನ ಬಣ್ಣಕ್ಕೆ ತಿರುಗಿ, ಹಣ್ಣು ತಾನಾಗಿ ನೆಲಕ್ಕೆ ಬಿದ್ದ ಮೇಲೆ, ಇರುವೆಗಳಿಗಿಂತ ಮೊದಲು ಹೋದವರಿಗೆ ಹುಳಿಬೆರೆತ ಸಿಹಿಯ ಒಂದು ತುತ್ತು ಸಿಗುತ್ತದೆ.